ಒಬ್ಬರೇ ಮೇಷ್ಟ್ರು, ಎರಡು ತಂಡ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಸಂಜೆಯ ತಿರುಗಾಟ ನನಗೆ ನಿವೃತ್ತಿಯಾದ ಮೇಲೆ ಬಂದ ಅಭ್ಯಾಸ. ಬಿಸಿಲಿನ ಝಳ ತಗ್ಗಿ, ಕೋಟೆಯ ಗುಡ್ಡದ ಬಂಡೆಗಳಿಗೆ ಕೆಂಪು ಬಣ್ಣ ಅಡರುವ ಹೊತ್ತಿಗೆ ಇಲ್ಲಿನ ಬಯಲುಗಳಲ್ಲಿ ಹುಡುಗರು ಸೇರುತ್ತಾರೆ. ಹೆಚ್ಚಿನವರದು ಕ್ರಿಕೆಟ್ಟು. ಒಂದು ಮೂಲೆಯಲ್ಲಿ ಕಾಲ್ಚೆಂಡು. ಆ ಮೂಲೆಯ ಬಳಿ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ.

ಕಳೆದ ಮಳೆಗಾಲದ ಒಂದು ಸಂಜೆ ಅಲ್ಲಿ ನಿಂತಿದ್ದಾಗ ಒಬ್ಬ ಹುಡುಗನ ತಂದೆ ಹತ್ತಿರ ಬಂದರು. ನನ್ನ ಹಳೆಯ ವಿದ್ಯಾರ್ಥಿಯ ಅಣ್ಣನಂತೆ. ಮೈದಾನದ ಕಡೆಗೆ ಕೈ ತೋರಿಸಿ ಕೇಳಿದರು: “ಸಾರ್, ನೀವು ಇತಿಹಾಸದ ಮೇಷ್ಟ್ರು, ಹೇಳ್ರಿ. ನಮ್ಮ ಹುಡುಗನ ಕೋಚ್ ಇದಾರಲ್ಲ, ಅವರು ಹದಿನಾಲ್ಕರ ಟೀಮಿಗೂ ಅವರೇ, ಹದಿನೇಳರ ಟೀಮಿಗೂ ಅವರೇ. ಎರಡೂ ಟೂರ್ನಮೆಂಟಿಗೆ ಹೋಗ್ತಾವ. ಹಿಂಗಾದ್ರೆ ಅವರು ಯಾರ ಕೋಚು?”

ಇದು ಇತಿಹಾಸದ ಪ್ರಶ್ನೆಯಲ್ಲವೆಂದು ನಕ್ಕು ಮುಂದೆ ನಡೆದೆ. ಮನೆಗೆ ಬಂದು ಕೈಕಾಲು ತೊಳೆದು ಕುಳಿತ ಮೇಲೆ, ಇದು ಇತಿಹಾಸದ್ದೇ ಪ್ರಶ್ನೆ ಎನ್ನಿಸಿತು. ಇಷ್ಟೇ ಅಲ್ಲ, ಸುಮಾರು ಐವತ್ತೈದು ವರ್ಷಗಳ ಹಿಂದೆ ಇದೇ ಕಂಟೋನ್ಮೆಂಟಿನ ಒಂದು ಮೈದಾನದ ಅಂಚಿನಲ್ಲಿ ನಿಂತು, ಅಳು ನುಂಗಿಕೊಂಡು, ನಾನೂ ಇದೇ ಪ್ರಶ್ನೆಯನ್ನು ಕೇಳಿಕೊಂಡಿದ್ದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಕಂಟೋನ್ಮೆಂಟ್ ಎಂಬ ಹೆಸರೇ ಇಲ್ಲಿನ ಚರಿತ್ರೆಯನ್ನು ಹೇಳುತ್ತದೆ. 1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಸೇರಿತ್ತು. ಕಂಪನಿ ಇಲ್ಲಿ ದಂಡನ್ನು ನೆಲೆಗೊಳಿಸಿತು. ದಂಡಿನ ಹಿಂದೆ ಅಗಸರು, ಕಟುಕರು, ದರ್ಜಿಗಳು, ವ್ಯಾಪಾರಿಗಳು ಬಂದರು. ಅವರಿಗೆ ಕೊಟ್ಟ ‘ಕೌಲಿ’ನಿಂದಲೇ ಕೌಲ್ ಬಜಾರಿಗೆ ಆ ಹೆಸರು ಬಂತೆಂದು ಹೇಳುತ್ತಾರೆ. ದಂಡು ಇದ್ದಲ್ಲಿ ಚೆಂಡೂ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾರತದ ಕಾಲ್ಚೆಂಡು ಎಂದರೆ ಬಹುಮಟ್ಟಿಗೆ ಗೋರಾ ಪಲ್ಟನ್ನುಗಳ ಆಟ. 1888ರಲ್ಲಿ ಸಿಮ್ಲಾದಲ್ಲಿ ಆರಂಭವಾದ ಡುರಾಂಡ್ ಪಂದ್ಯಾವಳಿಯಾಗಲಿ, 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಆಗಲಿ ಮೊದಲು ಹುಟ್ಟಿದ್ದು ಸಿಪಾಯಿಗಳಿಗಾಗಿ. ರೋವರ್ಸ್ ಬಟ್ಟಲನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಅದು 1937ರ ಮಾತು. ಅವರೂ ಇನ್ನೊಂದು ದಂಡಿನ ಊರಿನ ನೆರಳಿನಲ್ಲಿ ಬೆಳೆದವರೇ.

ಆ ಪಲ್ಟನ್ನಿನ ತಂಡಗಳಲ್ಲಿ ಇಂದು ನಾವು ತರಬೇತುದಾರ ಎನ್ನುವ ವ್ಯಕ್ತಿ ಇರಲಿಲ್ಲ. ತಂಡಕ್ಕೊಬ್ಬ ನಾಯಕ, ಆಟಗಾರರನ್ನು ಆರಿಸಲು ಒಂದು ಸಣ್ಣ ಸಮಿತಿ, ಶಿಸ್ತಿಗೊಬ್ಬ ಸಾರ್ಜೆಂಟ್ ಇದ್ದರೆ ಸಾಕಾಗಿತ್ತು. ‘ಇವರು ಯಾರ ಕೋಚು’ ಎಂದು ಆಗ ಯಾರೂ ಕೇಳುವ ಹಾಗಿರಲಿಲ್ಲ. ಆ ಪ್ರಶ್ನೆಯನ್ನು ಹುಟ್ಟಿಸಿದ್ದು ಶಾಲೆ.

ಈ ಭಾಗದ ಶಾಲೆಗಳಿಗೆ ಆಟದ ಮೇಷ್ಟ್ರು ಬಂದದ್ದು ಮದ್ರಾಸಿನ ಕಡೆಯಿಂದ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೂ ಮದ್ರಾಸು ಪ್ರಾಂತದಲ್ಲಿತ್ತಷ್ಟೆ. 1946–47ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮವರು ಅದನ್ನು ನೆರೆಮನೆಯ ಮದುವೆಯಂತೆ ನೋಡಬೇಕಾಯಿತು. ಮದ್ರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ವೈ.ಎಂ.ಸಿ.ಎ. ವತಿಯಿಂದ ದೈಹಿಕ ಶಿಕ್ಷಣದ ಶಾಲೆಯೊಂದನ್ನು ತೆರೆದರು. ಅದೇ ಮುಂದೆ ದೊಡ್ಡ ಕಾಲೇಜಾಯಿತು. ಅದಕ್ಕೆ ಮೊದಲು ಶಾಲೆಗಳಲ್ಲಿ ಇದ್ದದ್ದು ಡ್ರಿಲ್ಲು. ಕೈ ಮೇಲೆ, ಕೈ ಕೆಳಗೆ, ಎಡಗಾಲು, ಬಲಗಾಲು. ಅದನ್ನು ಹೇಳಿಕೊಡುತ್ತಿದ್ದವರು ಅನೇಕ ಕಡೆ ದಂಡಿನಿಂದ ನಿವೃತ್ತರಾದ ಹವಾಲ್ದಾರರು. ಬಕ್ ಅವರ ಶಾಲೆಯಿಂದ ಬಂದವರು ಆಟಗಳನ್ನು ತಂದರು. ವಾಲಿಬಾಲು, ಬಾಸ್ಕೆಟ್‌ಬಾಲು, ಹಾಕಿ, ಕಾಲ್ಚೆಂಡು, ಓಟ, ಜಿಗಿತ ಎಲ್ಲವೂ ಅವರ ವಿದ್ಯೆ. ಶಾಲೆ ಇದರಿಂದ ಸಂತೋಷಪಟ್ಟು ಎಲ್ಲವನ್ನೂ ಒಬ್ಬರ ತಲೆಗೇ ಕಟ್ಟಿತು. ಡ್ರಿಲ್ ಮೇಷ್ಟ್ರೆಂಬ ಹಳೆಯ ಹೆಸರು ಮಾತ್ರ ಹೋಗಲಿಲ್ಲ. ನಮ್ಮ ಕಾಲಕ್ಕೂ ಅದೇ ಹೆಸರಿತ್ತು.

ಒಬ್ಬ ಮೇಷ್ಟ್ರಿಗೆ ಎರಡು ತಂಡವಾದದ್ದು ಹೀಗೆ. ಒಂದು ಮೈದಾನ, ಒಂದು ಸೀಟಿ, ಎರಡು ಚೆಂಡು (ಅದರಲ್ಲಿ ಒಂದಕ್ಕೆ ಗಾಳಿ ನಿಲ್ಲುತ್ತಿರಲಿಲ್ಲ), ಒಂದು ಸಂಬಳ. ಹುಡುಗರು ಮಾತ್ರ ಎರಡು ವಯಸ್ಸಿನವರು. ಈ ಪದ್ಧತಿಯನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಬಡತನ ಮಾಡಿದ್ದನ್ನು ನಾವು ಪದ್ಧತಿ ಎಂದು ಕರೆದೆವು.

ಈಗ ನನ್ನ ಕಥೆ. ಅದು 1970ರ ಸುಮಾರು. ಶಾಲೆಯ ಹೆಸರು ಬೇಡ, ಮೇಷ್ಟ್ರ ಹೆಸರೂ ಬೇಡ. ಅವರು ತೆಳ್ಳಗೆ ಎತ್ತರದ ಆಳು. ಬಿಳಿಯ ಕ್ಯಾನ್ವಾಸ್ ಬೂಟಿಗೆ ದಿನವೂ ಸುಣ್ಣದ ಬಳಪ ತಿಕ್ಕುತ್ತಿದ್ದರು. ಬೆಳಗಿನ ಐದೂವರೆಗೆ ಚಿಕ್ಕವರಿಗೆ ಪಾಠ, ಸಂಜೆ ಐದಕ್ಕೆ ದೊಡ್ಡವರಿಗೆ. ನಾನು ಚಿಕ್ಕವರ ತಂಡದಲ್ಲಿ ಬಲಗಡೆಯ ಬ್ಯಾಕ್. ನನಗೆ ದೊಡ್ಡ ಪ್ರತಿಭೆಯೇನೂ ಇರಲಿಲ್ಲ. ಚೆಂಡನ್ನು ದೂರಕ್ಕೆ ಒದೆಯುವುದೊಂದನ್ನು ಕಲಿತಿದ್ದೆ. ನಮ್ಮಲ್ಲಿ ನಿಜವಾದ ಪ್ರತಿಭೆ ಇದ್ದದ್ದು ಕೌಲ್ ಬಜಾರಿನಿಂದ ಬರುತ್ತಿದ್ದ ಒಬ್ಬ ಸೆಂಟರ್ ಫಾರ್ವರ್ಡಿಗೆ. ಅವನ ತಂದೆ ಜಟಕಾ ಹೊಡೆಯುತ್ತಿದ್ದರು. ಅವನು ಬರಿಗಾಲಿನಲ್ಲಿ ಆಡಿದರೂ ಬೂಟು ಹಾಕಿದವರು ಅವನಿಂದ ದೂರ ನಿಲ್ಲುತ್ತಿದ್ದರು.

ಆ ವರ್ಷ ನಮ್ಮ ತಂಡ ಊರಿನ ಕಿರಿಯರ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಬಂತು. ದೊಡ್ಡವರ ತಂಡ ಬೇರೆ ಊರಿನ ಒಂದು ಪಂದ್ಯಾವಳಿಯಲ್ಲಿ ಸೆಮಿಫೈನಲ್ ಮುಟ್ಟಿತು. ಎರಡೂ ಒಂದೇ ಭಾನುವಾರ. ಶುಕ್ರವಾರ ಬೆಳಿಗ್ಗೆ ಪಾಠ ಮುಗಿದ ಮೇಲೆ ಮೇಷ್ಟ್ರು ನಮ್ಮನ್ನು ಕೂರಿಸಿ ಎರಡು ಸಂಗತಿ ಹೇಳಿದರು. ಒಂದು, ಅವರು ದೊಡ್ಡವರೊಡನೆ ಹೋಗುತ್ತಾರೆ. ಎರಡು, ನಮ್ಮ ಸೆಂಟರ್ ಫಾರ್ವರ್ಡನೂ ದೊಡ್ಡವರೊಡನೆ ಹೋಗುತ್ತಾನೆ. ಅಲ್ಲಿ ಒಬ್ಬನಿಗೆ ಮೊಣಕಾಲು ಊದಿದೆ.

ಮೊದಲನೆಯದನ್ನು ನಾವು ಸಹಿಸಿಕೊಂಡೆವು. ಎರಡನೆಯದನ್ನು ಸಹಿಸಲಾಗಲಿಲ್ಲ. ಎರಡು ತಂಡದ ಮೇಷ್ಟ್ರ ಕಷ್ಟವೆಲ್ಲ ಈ ಎರಡನೆಯ ಮಾತಿನಲ್ಲಿದೆ ಎಂದು ಈಗ ನನಗೆ ತಿಳಿಯುತ್ತದೆ. ಅವರ ಕಾಲವನ್ನು ಎರಡು ಪಾಲು ಮಾಡಬಹುದು. ಬೆಳಿಗ್ಗೆ ನಿನಗೆ, ಸಂಜೆ ಅವನಿಗೆ. ಹುಡುಗನನ್ನು ಪಾಲು ಮಾಡಲಾಗದು. ಒಂದು ತಂಡದ ಒಳ್ಳೆಯ ಆಟಗಾರ ಇನ್ನೊಂದು ತಂಡದ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ಇಲ್ಲಿ ಆ ಎರಡು ಕಣ್ಣೂ ಒಬ್ಬರದೇ. ಬೇರೆ ಮೇಷ್ಟ್ರಿದ್ದಿದ್ದರೆ ಕೊಡುವುದಿಲ್ಲ ಎಂದು ಜಗಳವನ್ನಾದರೂ ಆಡುತ್ತಿದ್ದರು. ನಮ್ಮ ಪರವಾಗಿ ಜಗಳವಾಡಬೇಕಾದವರೂ ಒಯ್ಯುವವರೂ ಒಬ್ಬರೇ ಆಗಿದ್ದರು.

ಭಾನುವಾರ ನಾವು ಮೂರು ಗೋಲಿನಿಂದ ಸೋತೆವು. ಹತ್ತನೆಯ ತರಗತಿಯ ಒಬ್ಬ ಹುಡುಗ ಅಂಚಿನಲ್ಲಿ ನಿಂತು ಮೇಷ್ಟ್ರ ಹಾಗೆ ಕೂಗುತ್ತಿದ್ದ. ಪಾಪ, ಅವನು ಮಾಡಬಲ್ಲದ್ದು ಅಷ್ಟೇ ಆಗಿತ್ತು. ನಮ್ಮ ಗೋಲಿ ಆ ಮೂರರಲ್ಲಿ ಒಂದನ್ನು ಕಾಲುಗಳ ನಡುವೆ ಬಿಟ್ಟ. ಮರುದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ. ನಾವು ಒಂದೇ ತರಗತಿಯಲ್ಲಿ ಇನ್ನೂ ಮೂರು ವರ್ಷ ಓದಿದೆವು. ಅವನು ಆಟದ ಪಿರಿಯಡ್ಡಿನಲ್ಲಿ ಬೇವಿನ ಮರದ ಕೆಳಗೆ ಕುಳಿತಿರುತ್ತಿದ್ದ. ದೊಡ್ಡವರ ತಂಡವೂ ಸೋತು ಬಂತು. ನಮ್ಮ ಸೆಂಟರ್ ಫಾರ್ವರ್ಡನನ್ನು ಅಲ್ಲಿ ಕೊನೆಯ ಹತ್ತು ನಿಮಿಷ ಮಾತ್ರ ಆಡಿಸಿದ್ದರಂತೆ.

ನಾನು ಇತಿಹಾಸ ಓದಿದವನಾದ್ದರಿಂದ ಈ ಗಾಯಕ್ಕೆ ದೊಡ್ಡವರ ಬದುಕಿನಲ್ಲಿ ಜೋಡಿ ಹುಡುಕುತ್ತ ಹೋದೆ. ಸಿಕ್ಕವರು ನಮ್ಮಿಂದ ಬಹಳ ದೂರದವರಲ್ಲ, ಹೈದರಾಬಾದಿನವರು: ಸೈಯದ್ ಅಬ್ದುಲ್ ರಹೀಂ. ಅವರ ಜೀವನವನ್ನು ಆಧರಿಸಿದ ಹಿಂದಿ ಚಲನಚಿತ್ರ 2024ರಲ್ಲಿ ಬಂದ ಮೇಲೆ ಹೆಸರು ಮತ್ತೆ ಜನರ ಬಾಯಿಗೆ ಬಂದಿದೆ. ಅವರು ಮೂಲತಃ ಶಾಲೆಯ ಮೇಷ್ಟ್ರು. ಉಸ್ಮಾನಿಯಾದಲ್ಲಿ ಓದಿ, ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳಿ, ದೈಹಿಕ ಶಿಕ್ಷಣದ ತರಬೇತಿ ಪಡೆದು ಆಟದ ಕಡೆಗೆ ತಿರುಗಿದವರು. 1943ರಿಂದ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿ. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರ. ಅದೇ ಹೊತ್ತಿಗೆ ಭಾರತ ತಂಡದ ತರಬೇತುದಾರ. ಹುಡುಗರಿಗೆಂದು ಅವರು ನಡೆಸುತ್ತಿದ್ದ ಪಂದ್ಯಾವಳಿಗಳು ಇದಕ್ಕೆ ಹೊರತು. ಎಡಗಾಲು ಸೋಮಾರಿಯಾಗದಿರಲೆಂದು ಬಲಹೀನ ಕಾಲಿನಲ್ಲಿಯೇ ಆಡಬೇಕೆಂಬ ಪಂದ್ಯ, ಚೆಂಡನ್ನು ಕಾಲಲ್ಲಿ ಕಟ್ಟಿಕೊಂಡು ಓಡದೆ ಕೂಡಲೇ ದಾಟಿಸಬೇಕೆಂಬ ಪಂದ್ಯ, ಇಂಥವನ್ನು ಅವರು ಏರ್ಪಡಿಸುತ್ತಿದ್ದರೆಂದು ಬಲ್ಲವರು ಬರೆದಿದ್ದಾರೆ. ಮೇಷ್ಟ್ರಲ್ಲದವರಿಗೆ ಈ ಉಪಾಯಗಳು ಹೊಳೆಯುವಂಥವಲ್ಲ.

ಇಷ್ಟು ಹೊರೆ ಹೊತ್ತವರ ಫಲ ಏನು? ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ಸಲ ಒಂದೇ ಸಮನೆ ರೋವರ್ಸ್ ಗೆದ್ದಿತು. ಭಾರತ 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಪಡೆಯಿತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಬಂತು. 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿ ಮತ್ತೆ ಚಿನ್ನ. ನಡುವೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 10–1ರ ಸೋಲೂ ಇದೆ. ಅದನ್ನು ಬಿಟ್ಟು ಹೇಳಿದರೆ ರಹೀಂ ಸಾಹೇಬರಿಗೆ ಅನ್ಯಾಯ, ಏಕೆಂದರೆ ಅದರಿಂದ ಕಲಿತು ಎದ್ದವರು ಅವರು.

ಅವರಿಗೆ ಸಾಧ್ಯವಾದದ್ದು ನಮ್ಮ ಮೇಷ್ಟ್ರಿಗೆ ಏಕೆ ಸಾಧ್ಯವಾಗಲಿಲ್ಲ? ಪ್ರತಿಭೆಯ ಅಂತರ ಇದ್ದೇ ಇದೆ, ಒಪ್ಪೋಣ. ಆದರೆ ಇನ್ನೊಂದು ಕಾರಣವನ್ನು ಕ್ಯಾಲೆಂಡರಿನಲ್ಲಿ ನೋಡಬೇಕು. ಆ ಕಾಲದಲ್ಲಿ ರಾಷ್ಟ್ರದ ತಂಡ ವರ್ಷವಿಡೀ ಇರುತ್ತಿರಲಿಲ್ಲ. ದೊಡ್ಡ ಕೂಟ ಬಂದಾಗ ಕೆಲವು ವಾರ ಸೇರಿ ಚದರಿಹೋಗುತ್ತಿತ್ತು. ಪೊಲೀಸ್ ತಂಡ ವರ್ಷವಿಡೀ ಕಣ್ಣೆದುರಿಗಿತ್ತು. ಎರಡೂ ಒಂದೇ ಭಾನುವಾರಕ್ಕೆ ಬೀಳುವುದು ಅಪರೂಪ. ಎರಡನೆಯದಾಗಿ, ಅವರ ತಂಡಗಳು ಒಂದೇ ಏಣಿಯ ಮೆಟ್ಟಿಲುಗಳಾಗಿದ್ದವು. ಮೆಲ್ಬರ್ನಿಗೆ ಹೋದವರಲ್ಲಿ ಅಜೀಜುದ್ದೀನ್, ನೂರ್ ಮಹಮ್ಮದ್, ಜುಲ್ಫಿಕಾರ್, ಬಲರಾಮ್ ಮೊದಲಾದ ಹೈದರಾಬಾದಿನ ಹಲವರಿದ್ದರು. ಅಲ್ಲಿ ಆಡಿದ ಆಟಕ್ಕೂ ಇಲ್ಲಿ ಕಲಿತ ಆಟಕ್ಕೂ ಭಾಷೆ ಒಂದೇ. ಹುಡುಗನೊಬ್ಬ ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹತ್ತಿದರೆ ಅದು ಕೆಳಗಿನವರ ಸೊಗಸಾಗಿತ್ತು, ನಷ್ಟವಾಗಿರಲಿಲ್ಲ.

ಹಾಗೆಂದು ಆ ವ್ಯವಸ್ಥೆಗೆ ನಾನು ಕೈ ಮುಗಿದು ನಿಲ್ಲಲಾರೆ. ಸಂಸ್ಥೆಯ ಕಾರ್ಯದರ್ಶಿಯೂ ಅವರೇ, ಊರಿನ ಬಲಿಷ್ಠ ತಂಡದ ಮೇಷ್ಟ್ರೂ ಅವರೇ, ದೇಶದ ತಂಡವನ್ನು ತಯಾರು ಮಾಡುವವರೂ ಅವರೇ ಎಂದರೆ, ಆ ಮೇಜಿನ ಆಚೆ ಕುಳಿತ ಬೇರೆ ಊರಿನ ಆಟಗಾರನ ಮನಸ್ಸಿನಲ್ಲಿ ಏನು ಓಡುತ್ತಿದ್ದಿರಬಹುದು? ಅನುಮಾನ ಸುಳ್ಳೇ ಇರಲಿ, ಅದನ್ನು ಪರಿಹರಿಸಲು ಎರಡನೆಯ ಮನುಷ್ಯನೇ ಅಲ್ಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಜಕಾರ್ತಕ್ಕೆ ಹೋದಾಗಲೇ ರಹೀಂ ಅವರಿಗೆ ಕಾಯಿಲೆ ಅಂಟಿತ್ತು. 1963ರ ಜೂನ್ 11ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಒಂದು ದಿನ, ಒಂದು ಸಾವು. ಭಾರತದ ತಂಡ, ಪೊಲೀಸ್ ತಂಡ, ಊರಿನ ಸಂಸ್ಥೆ, ಹುಡುಗರ ಪಂದ್ಯಾವಳಿಗಳು, ಎಲ್ಲವೂ ಅಂದೇ ತಬ್ಬಲಿಯಾದವು. ಹೈದರಾಬಾದಿನ ಆ ವೈಭವ ಮತ್ತೆ ಮರಳಲಿಲ್ಲ. ಏಷ್ಯನ್ ಕ್ರೀಡಾಕೂಟದ ಚಿನ್ನವೂ ಪುರುಷರ ತಂಡಕ್ಕೆ ಮತ್ತೆ ದಕ್ಕಲಿಲ್ಲ. 1970ರ ಕಂಚೇ ಕೊನೆಯ ಪದಕ.

ಪಾಶ್ಚಾತ್ಯರಲ್ಲಿಯೂ ಇಂಥವರಿದ್ದಾರೆ. 1985ರ ಸೆಪ್ಟೆಂಬರಿನಲ್ಲಿ ಕಾರ್ಡಿಫ್‌ನ ಪಂದ್ಯದ ಕೊನೆಯ ಹೊತ್ತಿಗೆ ಸ್ಕಾಟ್ಲೆಂಡ್ ತಂಡದ ಜಾಕ್ ಸ್ಟೀನ್ ಕುಸಿದು ತೀರಿಕೊಂಡಾಗ, ಅಬರ್ಡೀನ್ ಕ್ಲಬ್ಬನ್ನು ನಡೆಸುತ್ತಿದ್ದ ಅಲೆಕ್ಸ್ ಫರ್ಗ್ಯುಸನ್ ದೇಶದ ತಂಡವನ್ನೂ ಹೊತ್ತರು. ಆ ವರ್ಷ ಅಬರ್ಡೀನ್ ಎರಡು ಬಟ್ಟಲು ಗೆದ್ದಿತು. ಸ್ಕಾಟ್ಲೆಂಡ್ 1986ರ ವಿಶ್ವಕಪ್ಪಿನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿತ್ತು. ನಮ್ಮಲ್ಲಿ 2024ರ ಜುಲೈಯಲ್ಲಿ ಸ್ಪೇನಿನ ಮನೋಲೋ ಮಾರ್ಕ್ವೆಸ್ ಎಫ್‌ಸಿ ಗೋವಾವನ್ನು ಬಿಡದೆಯೇ ಭಾರತ ತಂಡವನ್ನೂ ಒಪ್ಪಿಕೊಂಡರು. ಗೋವಾ 2025ರ ಮೇ ತಿಂಗಳಲ್ಲಿ ಸೂಪರ್ ಕಪ್ ಎತ್ತಿತು. ಭಾರತ ಅವರ ಕೈಕೆಳಗೆ ಆಡಿದ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ, ಮಾಲ್ದೀವ್ಸ್ ಎದುರು. 2025ರ ಜುಲೈಯಲ್ಲಿ ಅವರು ಹೊರಟರು. ದಿನವೂ ಕಣ್ಣೆದುರು ಇರುವ ತಂಡವೇ ಎರಡೂ ಕಡೆ ಬಾಳಿತೆಂಬುದನ್ನು ಕೇಳುಗರು ಗಮನಿಸಬೇಕು. ಎರಡು ನಿದರ್ಶನಗಳಿಂದ ನಿಯಮ ಕಟ್ಟುವುದು ತಪ್ಪೆಂದು ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಆದರೂ ನನ್ನ ಮನಸ್ಸು ನಮ್ಮ ಗೋಲಿಯ ಕಡೆಗೇ ಹೋಗುತ್ತದೆ.

ದೊಡ್ಡವರ ಮಾತು ಸಾಕು. ಹುಡುಗರ ತಂಡಗಳಿಗೆ ಬರೋಣ. ನಮ್ಮ ಜಿಲ್ಲೆಯಲ್ಲಿಯೇ, ಬಳ್ಳಾರಿಯಿಂದ ಹೊಸಪೇಟೆಯ ಹಾದಿಯಲ್ಲಿ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಏರ್ಪಟ್ಟಿತು. ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯ ಹುಡುಗರನ್ನು ಇಲ್ಲಿ ಬೆಳೆಸಿದೆ. ಹಿರಿಯರ ತಂಡವೂ ಋತುವಿಗೆ ಮುನ್ನ ಇಲ್ಲಿಗೆ ಬಂದು ಬೆವರು ಸುರಿಸಿದ್ದುಂಟು. ಈ ಕ್ಲಬ್ಬಿನ ನೌಷಾದ್ ಮೂಸಾ ಅವರ ಕೆಲಸವನ್ನು ನೋಡಿದರೆ ರಹೀಂ ಅವರ ಏಣಿ ನೆನಪಾಗುತ್ತದೆ. ಮೀಸಲು ತಂಡದ ಹುಡುಗರಿಗೆ ಮೇಷ್ಟ್ರಾಗಿದ್ದವರು, ಹಿರಿಯರ ತಂಡಕ್ಕೆ ಸಹಾಯಕರಾಗಿದ್ದವರು, 2021ರ ಜನವರಿಯಲ್ಲಿ ಕಾರ್ಲ್ಸ್ ಕುವಾದ್ರತ್ ಹೊರಟಾಗ ರಾತ್ರೋರಾತ್ರಿ ಹಿರಿಯರ ತಂಡವನ್ನೇ ಹಿಡಿಯಬೇಕಾಯಿತು. ಅದೇ ವರ್ಷ ಡುರಾಂಡ್ ಪಂದ್ಯಾವಳಿಯಲ್ಲಿ ಹೆಚ್ಚಾಗಿ ಹುಡುಗರೇ ಇದ್ದ ತಂಡವನ್ನು ಸೆಮಿಫೈನಲಿನವರೆಗೆ ಒಯ್ದು, ಗೋವಾದ ಎದುರು ಪೆನಾಲ್ಟಿಗಳಲ್ಲಿ ಸೋತರು. 2025ರಲ್ಲಿ ಭಾರತದ ಇಪ್ಪತ್ತಮೂರು ವರ್ಷದೊಳಗಿನವರ ತಂಡ ಅವರ ಕೈಯಲ್ಲಿತ್ತು. ಕ್ಲಬ್ಬಿನ ಕಿರಿಯರು ರಿಲಯನ್ಸ್ ಫೌಂಡೇಶನ್ ಲೀಗನ್ನು 2022ರಲ್ಲಿಯೂ 2023ರಲ್ಲಿಯೂ ಗೆದ್ದರು. ಆದರೆ ಇಂಥ ಕಡೆ ಮೇಷ್ಟ್ರ ಹಿಂದೆ ಇನ್ನೂ ಹಲವರಿರುತ್ತಾರೆ: ಗೋಲಿಗೆ ಬೇರೆ ಮೇಷ್ಟ್ರು, ದೇಹದಾರ್ಢ್ಯಕ್ಕೆ ಬೇರೆಯವರು, ಮೊಣಕಾಲು ಊದಿದರೆ ನೋಡುವವರು ಬೇರೆ. ಒಬ್ಬರು ಎದ್ದು ಹೋದರೆ ಅಂಚಿನಲ್ಲಿ ನಿಲ್ಲಲು ಇನ್ನೊಬ್ಬರಿರುತ್ತಾರೆ.

ತೋರಣಗಲ್ಲಿನಿಂದ ಸಿರುಗುಪ್ಪಕ್ಕೋ ಕುರುಗೋಡಿಗೋ ಬನ್ನಿ. ಸಿರುಗುಪ್ಪದಲ್ಲಿ ತುಂಗಭದ್ರೆಯ ನೀರು, ಭತ್ತದ ಗದ್ದೆ, ಮಳೆ ಬಂದರೆ ಕಾಲು ಕೀಳಲಾಗದ ಎರೆಮಣ್ಣು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಬೃಹತ್ತಾದ ನಂದಿ, ಸುತ್ತ ಬಂಡೆಗಳ ಗುಡ್ಡ. ಇಲ್ಲಿನ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಎಷ್ಟು ತಂಡ? ಹದಿನಾಲ್ಕರೊಳಗಿನವರು, ಹದಿನೇಳರೊಳಗಿನವರು, ಹುಡುಗರು, ಹುಡುಗಿಯರು, ಕಬಡ್ಡಿ, ಖೋಖೋ, ವಾಲಿಬಾಲು, ಓಟ. ಇವೆಲ್ಲದರ ನಡುವೆ ಕಾಲ್ಚೆಂಡು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏಣಿ ಮೇಲೇರುತ್ತದೆ. 1960ರಲ್ಲಿ ವಾಯುದಳದವರು ಆರಂಭಿಸಿದ ಸುಬ್ರತೋ ಕಪ್ಪೂ ಈಗ ಕಿರಿಯ ಹುಡುಗರು, ಹಿರಿಯ ಹುಡುಗರು, ಹುಡುಗಿಯರು ಎಂದು ಮೂರು ಪಾಲಾಗಿದೆ. ಯಾವ ಹಂತದಲ್ಲೂ ಮೇಷ್ಟ್ರು ಒಬ್ಬರೇ. ಹಾಜರಿ ಪುಸ್ತಕ, ಜನ್ಮದಿನಾಂಕದ ದಾಖಲೆ, ಬಸ್ಸಿನ ಖರ್ಚು, ಊಟದ ಪೊಟ್ಟಣ, ಯಾರದೋ ತಾಯಿಗೆ ಫೋನು, ಎಲ್ಲವೂ ಅವರದೇ. ಇವರನ್ನು ಯಾರೂ ತರಬೇತುದಾರರೆಂದು ಕರೆಯುವುದಿಲ್ಲ. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಏರ್ಪಟ್ಟ ಮೇಲೆ ‘ಕೋಚ್’ ಎಂಬುದೊಂದು ಪದವಿಯಾಯಿತು, ವೃತ್ತಿಯಾಯಿತು. ಮೇಷ್ಟ್ರು ಹಿಂದೆಯೇ ಉಳಿದರು, ತಂಡಗಳೊಡನೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ತೊಂಬತ್ತರ ದಶಕದಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಆಟದ ಹುದ್ದೆ ಖಾಲಿ ಬಿತ್ತು. ಹಿಂದೆ ಆಡಿದವನೆಂಬ ಒಂದೇ ಕಾರಣಕ್ಕೆ ಹುಡುಗರ ತಂಡವನ್ನೂ ಹುಡುಗಿಯರ ತಂಡವನ್ನೂ ನನ್ನ ತಲೆಗೆ ಹಚ್ಚಿದರು. ನನಗೆ ಹೆಮ್ಮೆಯೇ ಆಯಿತು. ಒಂದು ಅಂತರಕಾಲೇಜು ಕೂಟದಲ್ಲಿ ಎರಡೂ ತಂಡಕ್ಕೆ ಒಂದೇ ಹೊತ್ತಿಗೆ ಬೇರೆ ಬೇರೆ ಮೈದಾನದಲ್ಲಿ ಪಂದ್ಯ ಬಿತ್ತು. ನಾನು ಹುಡುಗರ ಕಡೆ ಹೋದೆ. ಯೋಚಿಸಿ ಹೋದೆ ಎಂದು ಹೇಳಲಾರೆ, ಕಾಲು ಆ ಕಡೆ ಹೋಯಿತು. ಸಂಜೆ ಬಸ್ಸಿನಲ್ಲಿ ಹುಡುಗಿಯರ ಸಾಲಿನ ಬಳಿ ಹೋಗಿ ನಗುನಗುತ್ತ “ಏನಾಯ್ತಮ್ಮ, ಎಷ್ಟಕ್ಕೆ ಎಷ್ಟು?” ಎಂದೆ. ಅವರ ನಾಯಕಿ ಕಿಟಕಿಯಿಂದ ಮುಖ ತಿರುಗಿಸಿ, “ಸಾರ್, ನಮ್ಮ ಮ್ಯಾಚಿನ ಸ್ಕೋರು ನೀವು ನಮ್ಮನ್ನ ಕೇಳೋದಾ?” ಎಂದಳು. ಅವರು ಗೆದ್ದಿದ್ದರು.

ಅಂದು ರಾತ್ರಿ ನಮ್ಮ ಡ್ರಿಲ್ ಮೇಷ್ಟ್ರನ್ನು ಬಹಳ ನೆನೆದೆ. ಆಗ ಅವರು ಇನ್ನೂ ಇದ್ದರು, ಕೌಲ್ ಬಜಾರಿನ ಆಚೆ ಮಗನ ಮನೆಯಲ್ಲಿ. ಒಂದು ತಿಂಗಳು ಕಳೆದು ನೋಡಲು ಹೋದೆ. ಕಣ್ಣು ಮಂದವಾಗಿತ್ತು, ದನಿಯಿಂದ ಗುರುತು ಹಿಡಿದರು. ಆ ಭಾನುವಾರದ ಮಾತು ತೆಗೆದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. “ದಿನ ಬದಲಿಸಿ ಅಂತ ಎರಡೂ ಕಡೆ ಕಾಗದ ಬರೆದಿದ್ದೆ ಕಣಪ್ಪ, ಆಗಲಿಲ್ಲ” ಎಂದರು. ಆ ಮೇಲೆ, “ಅದನ್ನ ನಿಮಗೆ ಹೇಳಬಹುದಿತ್ತು, ಹೇಳಲಿಲ್ಲ” ಎಂದರು. ಗೋಲಿಯ ವಿಷಯ ಕೇಳಿದರು. ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿದ್ದಾನೆ, ಚೆನ್ನಾಗಿದ್ದಾನೆ ಎಂದೆ. “ಅವನ ಕೈ ಒಳ್ಳೆಯದು. ಎತ್ತರದ ಚೆಂಡು ಬಿಡ್ತಿರಲಿಲ್ಲ” ಎಂದರು. ಮೂವತ್ತು ತಂಡಗಳಿಗೆ ಕಲಿಸಿದವರಿಗೆ ಹದಿಮೂರು ವರ್ಷದ ಒಬ್ಬ ಹುಡುಗನ ಕೈ ನೆನಪಿತ್ತು. ಅದು ಅವನಿಗೆ ತಿಳಿದಿರಲಿಲ್ಲ. ಆ ವಾರವೇ ಹುಬ್ಬಳ್ಳಿಗೆ ಕಾಗದ ಬರೆದೆ. ಉತ್ತರ ಬಂತು. ಮಳೆ, ಮಗಳ ಓದು, ವರ್ಗಾವಣೆ ಎಲ್ಲ ಬರೆದಿದ್ದ. ಈ ವಿಷಯ ಒಂದನ್ನು ಬಿಟ್ಟಿದ್ದ.

ಆರಂಭದಲ್ಲಿ ಹೇಳಿದ ತಂದೆಗೆ ನಾನು ಉತ್ತರ ಕೊಡಬೇಕಾಗಿತ್ತು. ಮರುವಾರ ಸಿಕ್ಕಾಗ ಕೇಳಿದೆ: “ಎರಡೂ ಪಂದ್ಯ ಒಂದೇ ದಿನ ಬಿದ್ದರೆ ಎಲ್ಲಿಗೆ ಹೋಗ್ತೀರಿ, ಯಾವ ಹುಡುಗನನ್ನು ಒಯ್ಯುತ್ತೀರಿ ಅಂತ ಅವರನ್ನೇ ಈಗಲೇ ಕೇಳಿದ್ದೀರಾ?” ಇಲ್ಲವೆಂದರು. ಇಬ್ಬರೂ ಸೇರಿ ಕೇಳಿದೆವು. ಆ ಕೋಚು ಇಪ್ಪತ್ತೇಳು ಇಪ್ಪತ್ತೆಂಟರ ತರುಣ. ಬೆಳಿಗ್ಗೆ ಒಂದು ಖಾಸಗಿ ಶಾಲೆಯಲ್ಲಿ ಕೆಲಸ, ಸಂಜೆ ಇದು. ಅವರಿಗೆ ನಮ್ಮ ಪ್ರಶ್ನೆಯಿಂದ ಕೋಪ ಬರಲಿಲ್ಲ. ಫೋನಿನಲ್ಲಿ ಎರಡು ಪಟ್ಟಿ ತೆಗೆದು ತೋರಿಸಿದರು. ಮುಂದಿನ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕಿರಿಯರದು ಇಲ್ಲಿಯೇ ಕಂಟೋನ್ಮೆಂಟಿನಲ್ಲಿ, ಮಧ್ಯಾಹ್ನ ಹಿರಿಯರದು ಸಿರುಗುಪ್ಪದಲ್ಲಿ. “ಅರ್ಧ ಆಟ ಮುಗಿಸಿ ಬಸ್ಸು ಹತ್ತಬೇಕು ಸಾರ್. ಹುಡುಗರಿಗೆ ಹೇಳೀನಿ. ಯಾರನ್ನೂ ಮೇಲಿನ ಟೀಮಿಗೆ ತಗೊಳ್ಳೋದಿಲ್ಲ ಅಂತಲೂ ಹೇಳೀನಿ. ಸೆಕೆಂಡ್ ಹಾಫಿಗೆ ಅಂಚಿನಾಗ ನಿಲ್ಲೋಕೆ ಒಬ್ಬರು ಬೇಕು.”

ಹೀಗೆ ಎಪ್ಪತ್ತರ ಹತ್ತಿರಕ್ಕೆ ಬಂದ ನಾನು ಆ ಭಾನುವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು ಗೆರೆಯ ಬದಿಯಲ್ಲಿ ಕುಳಿತೆ. ಅರ್ಧ ಆಟ ಮುಗಿದಾಗ ಲೆಕ್ಕ ಒಂದಕ್ಕೆ ಒಂದು. ಕೋಚು ಹುಡುಗರನ್ನು ಸುತ್ತ ಕೂರಿಸಿ, ಒಬ್ಬೊಬ್ಬರ ಹೆಸರು ಹಿಡಿದು ಎರಡೆರಡು ಮಾತು ಹೇಳಿದರು. ಗೋಲಿಯ ಬೆನ್ನು ತಟ್ಟಿದರು. ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಯಾರು ದಣಿದರೆ ಯಾರು ಇಳಿಯಬೇಕೆಂದು ಅದರಲ್ಲಿ ಬರೆದಿತ್ತು. ಚೀಲ ಹೆಗಲಿಗೇರಿಸಿ ರಸ್ತೆಯ ಕಡೆ ಓಡಿದರು. ಹುಡುಗರು ಅವರ ಬೆನ್ನನ್ನು ನೋಡಿ, ಆ ಮೇಲೆ ನನ್ನನ್ನು ನೋಡಿದರು. ಗೋಲಿ ಕೈಚೀಲಗಳನ್ನು ಬಿಗಿದುಕೊಳ್ಳುತ್ತ, “ತಾತ, ಎಷ್ಟು ನಿಮಿಷ ಉಳೀತು ಅಂತ ಕೂಗಿ ಹೇಳ್ತೀರಾ?” ಎಂದ. ಹೇಳುತ್ತೇನೆ ಎಂದೆ. ರೆಫರಿ ಸೀಟಿ ಊದಿದರು.